ಹೊಸಹಳ್ಳಿಯ ಬೋರ್‌ವೆಲ್, ಮಲಾವಿಯ ಮೀನು

ಮಾಗಡಿ ರಸ್ತೆಯ ಹೊಸಹಳ್ಳಿ ಇಂದು ಬಹುಪಾಲು ಬೆಂಗಳೂರಿಗರಿಗೆ ನೇರಳೆ ಮಾರ್ಗದ ಒಂದು ಮೆಟ್ರೋ ನಿಲ್ದಾಣ. 2015ರ ನವೆಂಬರಿನಲ್ಲಿ ರೈಲು ಬರುವ ಎಷ್ಟೋ ಮೊದಲೇ ವಿಜಯನಗರದ ಬಡಾವಣೆಗಳು ಊರನ್ನು ಸುತ್ತುವರಿದಿದ್ದವು. ಹಳ್ಳಿ ಹೋಗಿ ಹೆಸರು ಉಳಿದಿತ್ತು. ಇಂಥ ಬಡಾವಣೆಯ ನಡುಮನೆಗಳಲ್ಲಿ, ಟಿ.ವಿ.ಯ ಪಕ್ಕದ ಗಾಜಿನ ತೊಟ್ಟಿಯಲ್ಲಿ, ಹಳದಿ, ನೀಲಿ, ಪಟ್ಟೆಪಟ್ಟೆಯ ಆಫ್ರಿಕನ್ ಸಿಕ್ಲಿಡ್‌ಗಳು ಓಡಾಡುತ್ತಿರುತ್ತವೆ. ಇವುಗಳ ಮೂಲ ಮಲಾವಿ, ತಾಂಗನೀಕಾ ಸರೋವರಗಳು. ಅಲ್ಲಿಯ ಮೀನಿಗೂ ಇಲ್ಲಿಯ ಮನೆಗೂ ನಂಟು ಬೆಳೆದದ್ದು ಹೇಗೆ ಎಂದು ಕೇಳಿದರೆ ಅಂಗಡಿಯತ್ತ ಕೈತೋರಿಸುವುದು ವಾಡಿಕೆ: ಚೆನ್ನೈನ ಕೊಳತ್ತೂರಿನಲ್ಲಿ ಮರಿ ಮಾಡಿಸುತ್ತಾರೆ, ಆಮ್ಲಜನಕ ತುಂಬಿದ ಚೀಲದಲ್ಲಿ ಮೀನು ಬರುತ್ತದೆ, ಕೈಯಲ್ಲಿ ಕಾಸಿರುವವರು ಕೊಳ್ಳುತ್ತಾರೆ. ಮೀನು ಬಂದ ಬಗೆಯನ್ನು ಈ ಉತ್ತರ ವಿವರಿಸುತ್ತದೆ, ಉಳಿದ ಬಗೆಯನ್ನಲ್ಲ. ಅದೇ ಚೀಲದಲ್ಲಿ ಅಮೆಜಾನಿನ ಡಿಸ್ಕಸ್ ಕೂಡ ಬರುತ್ತದೆ, ಆದರೆ ಅದನ್ನು ಬದುಕಿಸಿಕೊಳ್ಳಲು ಪಡಬೇಕಾದ ಪಾಡು ಬೇರೆ. ಪಶ್ಚಿಮ ಬೆಂಗಳೂರಿನ ಮನೆ ಅಕ್ವೇರಿಯಂನ ಚರಿತ್ರೆಯನ್ನು ವ್ಯಾಪಾರದ ಲೆಕ್ಕದಲ್ಲಿ ಹುಡುಕುವುದಕ್ಕಿಂತ ನಗರದ ನೀರಿನ ಚರಿತ್ರೆಯಲ್ಲಿ ಹುಡುಕುವುದು ಸರಿ ಎಂಬುದು ಈ ಬರಹದ ವಾದ.

ಹೊರನಾಡಿನ ಮೀನು ಈ ಸೀಮೆಗೆ ಹೊಸದೇನಲ್ಲ. ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಂದಿಗೆ ಮಲೇರಿಯಾ ವಿರುದ್ಧ ಹೊರಟ ಕಾಲದಲ್ಲಿ, 1928ರಲ್ಲಿ, ಡಾ. ಬಿ. ಎ. ರಾವ್ ಇಟಲಿಯಿಂದ ಗ್ಯಾಂಬೂಸಿಯಾ ಮೀನು ತರಿಸಿದರು. ಸೊಳ್ಳೆಯ ಮರಿಹುಳು ತಿನ್ನುತ್ತದೆಂದು ಅದನ್ನು ಬಾವಿ, ಕುಂಟೆಗಳಿಗೆ ಬಿಡುವ ಪದ್ಧತಿ ಬೆಳೆಯಿತು. ಮುಂದೆ 1952ರಲ್ಲಿ ಆಹಾರದ ಹೆಸರಿನಲ್ಲಿ ಮೊಜಾಂಬಿಕ್ ತಿಲಾಪಿಯಾ ಭಾರತಕ್ಕೆ ಬಂತು. ನಮ್ಮ ಮೀನು ಮಾರುಕಟ್ಟೆ ಜಿಲೇಬಿ ಎಂದು ಕರೆಯುವ ಈ ಮೀನೂ ಆಫ್ರಿಕನ್ ಸಿಕ್ಲಿಡ್ಡೇ. ಎಂದರೆ ಮಲಾವಿಯ ಬಣ್ಣದ ಮೀನು ಗಾಜಿನ ತೊಟ್ಟಿ ಸೇರುವ ಮೊದಲೇ ಅದರ ದಾಯಾದಿ ನಮ್ಮ ಕೆರೆಗಳಲ್ಲಿ ಬೀಡುಬಿಟ್ಟಿತ್ತು. ಆಮ್ಲಜನಕ ಕಡಿಮೆಯಾದ ಕೊಳಕು ನೀರನ್ನೂ ತಡೆದುಕೊಂಡು, ಮೊಟ್ಟೆಯನ್ನೂ ಮರಿಯನ್ನೂ ಬಾಯಲ್ಲೇ ಕಾಪಾಡುವ ಜಿಲೇಬಿಗೆ ಚರಂಡಿ ಸೇರಿದ ನಗರದ ಕೆರೆ ಒಗ್ಗಿಹೋಯಿತು. ಅದೇ ಕೆರೆಯಲ್ಲಿ ಹಲವು ನಾಡಮೀನುಗಳು ಸೊರಗಿದವು. ತಂದವರ ಉದ್ದೇಶ ಒಂದಾದರೆ ಆದದ್ದು ಇನ್ನೊಂದು. ಗ್ಯಾಂಬೂಸಿಯಾ, ಮೊಜಾಂಬಿಕ್ ತಿಲಾಪಿಯಾ ಎರಡೂ ಇಂದು ಜಗತ್ತಿನ ನೂರು ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿವೆ. ಎರಡೂ ಸಲ ಮೀನನ್ನು ಆರಿಸಿದ್ದು ಮನುಷ್ಯ, ಅದರ ಗತಿಯನ್ನು ತೀರ್ಮಾನಿಸಿದ್ದು ನೀರು.

ಹೊಸಹಳ್ಳಿಯ ಸುತ್ತಣ ಮನೆಗಳಿಗೆ ಬರುವ ನೀರೂ ಒಂದೇ ಮೂಲದ್ದಲ್ಲ. ಕೆರೆ, ಬಾವಿಗಳನ್ನೇ ನಂಬಿದ್ದ ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದ ಅರ್ಕಾವತಿ ಬಂತು. 1933ರಲ್ಲಿ ಮಾಗಡಿ ರಸ್ತೆಯ ದಿಕ್ಕಿನಲ್ಲೇ, ಅರ್ಕಾವತಿಯೂ ಕುಮುದ್ವತಿಯೂ ಕೂಡುವಲ್ಲಿ, ತಿಪ್ಪಗೊಂಡನಹಳ್ಳಿ ಜಲಾಶಯ ಎದ್ದಿತು. 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಿಂದ, ಹಂತಹಂತವಾಗಿ ಮೇಲೆತ್ತಿಸಿಕೊಂಡು, ಕಾವೇರಿ ಬಂದಳು. ಜಲಾನಯನ ಪ್ರದೇಶ ಕೆಟ್ಟು ತಿಪ್ಪಗೊಂಡನಹಳ್ಳಿ ಸೊರಗುತ್ತ ಬಂದು, 2012ರ ಹೊತ್ತಿಗೆ ಅಲ್ಲಿಂದ ಕುಡಿಯುವ ನೀರು ನಿಂತಿತು. ನಗರ ಬೆಳೆದ ವೇಗಕ್ಕೆ ಕಾವೇರಿಯೊಂದೇ ಸಾಲದೆ ಬೀದಿಬೀದಿಯಲ್ಲಿ ಬೋರ್‌ವೆಲ್ ಕೊರೆಯಲಾಯಿತು. ಹಾಗಾಗಿ ಈಗ ಎಷ್ಟೋ ಮನೆಗಳ ಸಂಪಿನಲ್ಲಿ ಎರಡು ನೀರು ಬೆರೆಯುತ್ತವೆ: ದಿನಬಿಟ್ಟು ದಿನ ಬರುವ ಮೆದು ಕಾವೇರಿ, ಬೇಕೆಂದಾಗ ಮೋಟಾರು ಎತ್ತಿಕೊಡುವ ಗಡಸು ಬೋರ್ ನೀರು. ಬೇಳೆ ಬೇಯದ, ಸೋಪು ನೊರೆಬಾರದ, ಗೀಸರಿನ ಒಳಮೈಗೆ ಬಿಳಿ ಪದರ ಕಟ್ಟುವ ಆ ನೀರನ್ನು ಗೃಹಿಣಿಯರು ಬೈದದ್ದೇ ಹೆಚ್ಚು.

ಅಡುಗೆಮನೆ ಬೈದ ಗುಣವೇ ಮಲಾವಿಯ ಮೀನಿಗೆ ಬೇಕಾದ ಗುಣ. ಆ ಸರೋವರಕ್ಕೆ ನದಿಗಳು ಹರಿದು ಬರುತ್ತವೆ, ಆದರೆ ಶೀರೆ ನದಿಯಾಗಿ ಹೊರಹೋಗುವುದು ಅಲ್ಪ, ಆವಿಯಾಗುವುದೇ ಬಹುಪಾಲು. ಆವಿಯಾಗದ ಲವಣ ಅಲ್ಲೇ ಉಳಿಯುತ್ತದೆ. ಹೀಗೆ ಮಲಾವಿಯ ಪಿಎಚ್ ಸುಮಾರು 7.7ರಿಂದ 8.6ರವರೆಗೆ, ತಾಂಗನೀಕಾದ್ದು 9ರ ಆಸುಪಾಸು. ಇತ್ತ ಬೆಂಗಳೂರಿನ ಗ್ರಾನೈಟ್, ನೈಸ್ ಶಿಲೆಯ ಬಿರುಕುಗಳಲ್ಲಿ ಇಳಿಯುವ ಮಳೆನೀರು ಕಲ್ಲನ್ನು ನಿಧಾನವಾಗಿ ಕರಗಿಸುತ್ತ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್‌ಗಳನ್ನು ಹೊತ್ತು ಮೇಲೆ ಬರುತ್ತದೆ. ಬೋರ್‌ನಿಂದ ಆಗತಾನೇ ಎತ್ತಿದ ನೀರಿನ ಪಿಎಚ್ ತಗ್ಗಾಗಿ ಕಂಡರೂ ಅದಕ್ಕೆ ಕಾರಣ ಕರಗಿದ ಇಂಗಾಲದ ಡೈಆಕ್ಸೈಡ್; ಒಂದು ದಿನ ಗಾಳಿಯಾಡಿಸಿದರೆ ಆ ಅನಿಲ ಹಾರಿಹೋಗಿ ಪಿಎಚ್ ಮೇಲೇರುತ್ತದೆ. ಡಿಸ್ಕಸ್ ಸಾಕುವವರು ಆರ್‌ಓ ಯಂತ್ರದಿಂದ ನೀರಿನ ಗಡಸುತನ ಕಳೆದರೆ, ಆಫ್ರಿಕನ್ ಸಿಕ್ಲಿಡ್ ಸಾಕುವವರು ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರನ್ನೇ ಸುರಿಯುತ್ತಾರೆ. ಕರ್ನಾಟಕಕ್ಕೂ ತನ್ನದೇ ಸಿಕ್ಲಿಡ್ ಉಂಟು. ಫ್ರಾನ್ಸಿಸ್ ಡೇ 1877ರಲ್ಲಿ ಹೆಸರಿಟ್ಟ ಎಟ್ರೋಪ್ಲಸ್ ಕೆನರೆನ್ಸಿಸ್, ನೇತ್ರಾವತಿ ಸೀಮೆಯ ಮೀನು, ಈಗ ಅಳಿವಿನಂಚಿನಲ್ಲಿದೆ. ಘಟ್ಟದ ಮೆದು ನೀರಿನಲ್ಲಿ ಹುಟ್ಟಿದ ಅದಕ್ಕಿಂತ ಆಫ್ರಿಕದ ಮೀನಿಗೆ ಬೆಂಗಳೂರಿನ ಬೋರ್ ನೀರು ಹತ್ತಿರದ್ದು. ಭೂಪಟದ ದೂರವೂ ನೀರಿನ ದೂರವೂ ಒಂದೇ ಅಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಏಳಬಹುದು. ಮೊದಲನೆಯದು: ಗಡಸು ನೀರೆಲ್ಲ ಮಲಾವಿಯ ನೀರಾಗುವುದಿಲ್ಲ. ನಿಜ. ಮಲಾವಿಯ ನೀರು ಅಷ್ಟೇನೂ ಗಡಸಲ್ಲ, ಬೆಂಗಳೂರಿನ ಅನೇಕ ಬೋರ್‌ವೆಲ್‌ಗಳೇ ಅದನ್ನು ಮೀರಿಸುತ್ತವೆ. ಮೇಲಾಗಿ ಚರಂಡಿ ಇಂಗಿದ ಕಡೆ ಅಂತರ್ಜಲದಲ್ಲಿ ನೈಟ್ರೇಟ್ ಸೇರಿರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹಾಕಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಆದರೆ ವಾದ ನಿಂತಿರುವುದು ಲವಣಗಳ ತದ್ರೂಪದ ಮೇಲಲ್ಲ, ಪಿಎಚ್ ಕುಸಿಯದಂತೆ ತಡೆಯುವ ಬೈಕಾರ್ಬೊನೇಟ್ ಬಲದ ಮೇಲೆ. ಅದು ಎರಡೂ ನೀರಿನಲ್ಲಿದೆ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಅಂಗಡಿಯ ಮೀನು ಮಲಾವಿಯನ್ನೇ ಕಂಡಿಲ್ಲ, ತಲೆಮಾರುಗಳಿಂದ ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದು, ಯಾವ ನೀರಾದರೂ ನಡೆಯುತ್ತದೆ. ಸಾಕಿದ ಮೀನು ಹೆಚ್ಚು ಸಹಿಸುತ್ತದೆ ಎಂಬುದನ್ನು ಒಪ್ಪಬೇಕು. ಸಹಿಸುವುದು ಬೇರೆ, ಸಾಕುವವರ ಸಣ್ಣಪುಟ್ಟ ತಪ್ಪನ್ನು ನೀರೇ ಹೊಟ್ಟೆಗೆ ಹಾಕಿಕೊಳ್ಳುವುದು ಬೇರೆ. ಮೆದು ನೀರಿನಲ್ಲಿ ಎರಡು ವಾರ ನೀರು ಬದಲಿಸದಿದ್ದರೆ ಹೊಲಸಿನ ಆಮ್ಲಕ್ಕೆ ಪಿಎಚ್ ಕುಸಿಯಬಹುದು. ಗಡಸು ನೀರು ಅಷ್ಟು ಬೇಗ ಕೈಬಿಡುವುದಿಲ್ಲ. ಹೊಸಬರ ತೊಟ್ಟಿಗಳು ಉಳಿಯುವುದೋ ಅಳಿಯುವುದೋ ಎಂಬುದು ಈ ಅಂತರದಲ್ಲೇ ಇದೆ.

ಈ ನೀರು ಉಪಕಾರ ಮಾಡುವಲ್ಲೇ ಕೆಲಸವನ್ನೂ ಹೊರಿಸುತ್ತದೆ. ಮೀನು ಬಿಡುವ ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು, 25 ಡಿಗ್ರಿ ಉಷ್ಣತೆಯಲ್ಲಿ, ಪಿಎಚ್ 7 ಇದ್ದಾಗ ಶೇ 1ಕ್ಕಿಂತ ಕಡಿಮೆ, 8ಕ್ಕೆ ಏರಿದರೆ ಸುಮಾರು ಶೇ 5, 8.5ರಲ್ಲಿ ಶೇ 15ರ ಹತ್ತಿರ. ಆದ್ದರಿಂದ ಸಿಕ್ಲಿಡ್ ತೊಟ್ಟಿಗೆ ನೀರು ತುಂಬಿದ ಮರುದಿನವೇ ಮೀನು ಬಿಡುವುದು ಕೊಲೆಗೆ ಸಮ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಕಾವೇರಿ ನೀರನ್ನು ಬೆರೆಸುವವರು ಕ್ಲೋರಿನ್ ತೆಗೆಯದಿದ್ದರೆ ಆ ಬ್ಯಾಕ್ಟೀರಿಯಾವೇ ಸಾಯುತ್ತದೆ. ಮೀನಿನ ಆಯ್ಕೆಗೂ ಇದೇ ತರ್ಕ. ಬಂಡೆಯ ಪಾಚಿ ಮೇಯುವ ಎಂಬುನಾ ಜಾತಿಗಳ ಗಂಡುಗಳು ಜಾಗಕ್ಕಾಗಿ ಕಾದಾಡುತ್ತವೆ. ನಾಲ್ಕಡಿ ತೊಟ್ಟಿಯಲ್ಲಿ ನಾಲ್ಕೈದನ್ನೇ ಬಿಟ್ಟರೆ ಬಲಿಷ್ಠವಾದದ್ದು ಉಳಿದವನ್ನು ಕೊಲ್ಲುತ್ತದೆ. ಹನ್ನೆರಡು, ಹದಿನೈದು ಬಿಟ್ಟು, ಒಂದು ಗಂಡಿಗೆ ಮೂರು ಹೆಣ್ಣಿಟ್ಟು, ಕಲ್ಲುಗವಿ ಕಟ್ಟಿಕೊಟ್ಟರೆ ಜಗಳ ಹಂಚಿಹೋಗುತ್ತದೆ. ಮೀನು ಹೆಚ್ಚಿದಷ್ಟೂ ಹೊಲಸು ಹೆಚ್ಚು, ಆದ್ದರಿಂದ ವಾರಕ್ಕೊಮ್ಮೆ ಮೂರನೇ ಒಂದು ಭಾಗಕ್ಕೂ ಮಿಕ್ಕಿ ನೀರು ಬದಲಿಸಲೇಬೇಕು. ಡಿಸೆಂಬರಿನ ರಾತ್ರಿಗಳಿಗೆ ಹೀಟರ್ ಬೇಕು. ಸಸ್ಯಾಹಾರಿ ಎಂಬುನಾಗೆ ಮಾಂಸದ ತಿನಿಸು ಕೊಟ್ಟರೆ ಹೊಟ್ಟೆಯುಬ್ಬರ ಬಂದು ಸಾಯಬಹುದು. ಹಳ್ಳಿಯ ಕೆರೆಗೊಬ್ಬ ನೀರುಗಂಟಿ ಇದ್ದಂತೆ ಈ ತೊಟ್ಟಿಗೂ ಒಬ್ಬ ಬೇಕು: ಎಷ್ಟು ಬಂತು, ಎಷ್ಟು ಹೋಯಿತು, ಯಾವಾಗ ತೂಬು ಎತ್ತಬೇಕು ಎಂಬ ಲೆಕ್ಕವಿಡುವವರು.

ಕೊನೆಯದಾಗಿ ನೈತಿಕ ಆಕ್ಷೇಪ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ ನಗರದಲ್ಲಿ, ಚಂದಕ್ಕಾಗಿ ಮೀನಿಗೆ ನೀರು ಸುರಿಯುವುದು ಸರಿಯೇ? 200 ಲೀಟರ್ ತೊಟ್ಟಿಯಲ್ಲಿ ವಾರಕ್ಕೆ ಶೇ 40ರಷ್ಟು ಬದಲಿಸಿದರೆ 80 ಲೀಟರ್; ನಗರವಾಸಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡದಲ್ಲಿ ಒಬ್ಬರ ಒಂದು ದಿನದ ಪಾಲಿಗಿಂತ ಕಡಿಮೆ. ಹೊರಬಂದದ್ದು ನೈಟ್ರೇಟ್ ತುಂಬಿದ ನೀರು, ತೆಂಗಿಗೂ ದಾಸವಾಳಕ್ಕೂ ಗೊಬ್ಬರ. ನೀರು ಮೋರಿಗೆ ಹೋದರೆ ಮಾತ್ರ ಆಕ್ಷೇಪ ಗೆಲ್ಲುತ್ತದೆ. ಮೀನೇ ಹೋದರೆ ಇನ್ನೂ ಕೆಟ್ಟದ್ದು, ಏಕೆಂದರೆ ಪಶ್ಚಿಮ ಬೆಂಗಳೂರಿನ ಈ ಬಡಾವಣೆಗಳ ಮೋರಿಗಳೆಲ್ಲ ಕಡೆಗೆ ವೃಷಭಾವತಿ ಕಣಿವೆಗೇ ಇಳಿಯುತ್ತವೆ. ಬೇಡವಾದ ಮೀನನ್ನು ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದುಕೊಳ್ಳುವವರಿದ್ದಾರೆ. ತೊಟ್ಟಿಯ ಗಾಜು ಶುಚಿಮಾಡಲೆಂದು ತಂದ ಸಕ್ಕರ್ ಮೀನು ದಕ್ಷಿಣ ಭಾರತದ ಕೆರೆಗಳನ್ನು ಸೇರಿದ್ದು ಇಂಥ ಪುಣ್ಯದಿಂದಲೇ. 1928, 1952ರಲ್ಲಿ ಮೀನು ತಂದವರಿಗೆ ಮುಂದಾಗುವುದು ತಿಳಿದಿರಲಿಲ್ಲ ಎಂದು ವಾದಿಸಬಹುದು. ಇಂದು ಕೊಳ್ಳುವವರಿಗೆ ಆ ನೆಪವಿಲ್ಲ. ಗಡಸು ನೀರಿಗೆ ಒಗ್ಗುತ್ತದೆಂಬ ಕಾರಣಕ್ಕೇ ಆರಿಸಿದ ಮೀನು ಹೊರಗಿನ ಗಡಸು ನೀರಿಗೂ ಒಗ್ಗಬಹುದು. ಹಾಗಾಗಿ ಬೋರ್ ನೀರಿನ ಪರೀಕ್ಷಾ ವರದಿ, ಮೀನು ಪೂರ್ತಿ ಬೆಳೆದಾಗಿನ ಅಳತೆ, ಸಾಕಲಾಗದಿದ್ದರೆ ಹಿಂದಕ್ಕೆ ಕೊಳ್ಳುವ ಅಂಗಡಿ, ಈ ಮೂರೂ ಕೈಯಲ್ಲಿಲ್ಲದವರು ತೊಟ್ಟಿಯನ್ನು ಕೊಳ್ಳದಿರುವುದೇ ಮೇಲು.