ಬಾರಿಸದ ಗಂಟೆ

ಗುಂಡಿ ಒತ್ತಿದೊಡನೆ ನಿಮ್ಮ ಮನೆಯಲ್ಲಿ ದೀಪ ಹತ್ತುತ್ತದೆ. ನೂರಾರು ಮೈಲಿಯ ವಿದ್ಯುತ್ ಮಾರ್ಗಗಳನ್ನು ಕುಳಿತಲ್ಲಿಂದಲೇ ಕಾಯುವ ಮಂದಿ ಅದರ ಹಿಂದೆ ಉಂಟೆಂಬುದು ನೆನಪಾಗುವುದು ದೀಪ ಆರಿದಾಗಲೇ.

ಮೊದಮೊದಲು ಈ ಕಾವಲು ಟೆಲಿಫೋನಿನಿಂದ ನಡೆಯುತ್ತಿದ್ದಿತು. ಉಪಕೇಂದ್ರದವರು ಮಾಪಕ ನೋಡಿ ಅಂಕಿ ಹೇಳುವರು. ನಿಯಂತ್ರಣ ಕೊಠಡಿಯವರು ಬರೆದುಕೊಳ್ಳುವರು. ಮುಂದೆ ಕಂಪ್ಯೂಟರು ಆ ಕೆಲಸವನ್ನು ವಹಿಸಿಕೊಂಡಿತು. ಈ ವ್ಯವಸ್ಥೆಗೆ ‘ಸ್ಕಾಡಾ’ ಎಂದು ಹೆಸರು. ಇದರ ಮೊದಲ ಪಾಠ ಸುಲಭ: ದೂರದ ಮಾಪಕ ಅಳೆಯುತ್ತದೆ, ಅಂಕಿ ಕೇಂದ್ರಕ್ಕೆ ಬಂದು ಪರದೆಯ ಮೇಲೆ ಮೂಡುತ್ತದೆ, ಮಿತಿ ಮೀರಿದರೆ ಎಚ್ಚರಿಕೆಯ ಗಂಟೆಯಾಗುತ್ತದೆ, ಕಾವಲಿನವನು ಇಲ್ಲಿಂದಲೇ ಅಲ್ಲಿಯ ಸ್ವಿಚ್ಚನ್ನು ನಡೆಸುತ್ತಾನೆ.

ಎರಡನೆಯ ಪಾಠಕ್ಕೆ ಅಮೆರಿಕ ಭಾರಿ ಬೆಲೆ ತೆತ್ತಿತು. 2003ರ ಆಗಸ್ಟ್ 14ರಂದು, ಮಧ್ಯಾಹ್ನ 2 ಗಂಟೆ ಕಳೆದ ಸ್ವಲ್ಪ ಹೊತ್ತಿಗೆ, ಒಹಾಯೊ ರಾಜ್ಯದ ಒಂದು ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆ ಕೊಡುವ ತಂತ್ರಾಂಶ ಸದ್ದಿಲ್ಲದೆ ನಿಂತುಹೋಯಿತು. 3 ಗಂಟೆಯ ಮೇಲೆ, ಹೊರೆಯಿಂದ ಕಾದು ಜೋತುಬಿದ್ದ ತಂತಿಗಳು ಮರಗಳಿಗೆ ತಾಗಿ, ದೊಡ್ಡ ಮಾರ್ಗಗಳು ಒಂದರ ಹಿಂದೊಂದು ಕಳಚಿಕೊಂಡವು. ನೆರೆಯ ಕೇಂದ್ರಗಳಿಂದ ಟೆಲಿಫೋನು ಕರೆಗಳು ಬಂದವು. ಗಂಟೆಯೇ ಆಗದಿದ್ದುದರಿಂದ ಕಾವಲಿನವರಿಗೆ ಅವುಗಳ ಅರ್ಥ ಬೇಗ ಹೊಳೆಯಲಿಲ್ಲ. 4 ಗಂಟೆ ದಾಟುತ್ತಲೇ ಅಮೆರಿಕದ ಎಂಟು ರಾಜ್ಯಗಳಲ್ಲಿಯೂ ಕೆನಡದ ಆಂಟೇರಿಯೊದಲ್ಲಿಯೂ ಸುಮಾರು 5 ಕೋಟಿ ಜನ ವಿದ್ಯುತ್ತಿಲ್ಲದೆ ಉಳಿದರು.

ಗಂಟೆ ಬಾರಿಸದಿದ್ದರೆ ಎಲ್ಲವೂ ಕ್ಷೇಮವೆಂದಲ್ಲ, ಗಂಟೆಯೇ ಕೆಟ್ಟಿರಬಹುದು. ಈ ವಿದ್ಯೆಯನ್ನು ಕಲಿಯಹೊರಟ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಹೇಳಿರಿ: ಪರದೆಯ ಅಂಕಿ ಬದಲಾಗುತ್ತಿದೆಯೇ ಎಂದು ಮೊದಲು ನೋಡಬೇಕು, ನೆರೆಯವರ ಕರೆ ಬಂದರೆ ಅದನ್ನೂ ಒಂದು ಮಾಪಕವೆಂದೇ ಎಣಿಸಬೇಕು.