ತಬಲಾ ಇಲ್ಲದ ಹತ್ತು ರಾಗಗಳು: ಚರಣಜಿತ್ ಸಿಂಗ್ ಕಥೆ

ನಾಗಪುರದಲ್ಲಿ ನೆಲೆಸಿರುವ ಕನ್ನಡಿಗ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. "ಸರ್, ಈ ಎಲೆಕ್ಟ್ರಾನಿಕ್ ಸಂಗೀತ ಅನ್ನೋದು ಪೂರ್ತಿ ಹೊರಗಿನಿಂದ ಬಂದದ್ದು ತಾನೆ? ನಮ್ಮವರು ಬರೀ ಕಾಪಿ ಹೊಡೆದವರು, ಅಲ್ವಾ?" ಇದಕ್ಕೆ ಉತ್ತರ ಹುಡುಕುತ್ತಾ ಹೋದ್ರೆ ನಾವು 1982ರ ಬೊಂಬಾಯಿಗೆ ಹೋಗಬೇಕಾಗುತ್ತೆ. ಅಲ್ಲಿ ಬಂದ ಒಂದೇ ಒಂದು ರೆಕಾರ್ಡ್ ಇವತ್ತಿನ ವಿಷಯ.

ಮೊದಲು ಸ್ವಲ್ಪ ಹಿನ್ನೆಲೆ. ನಮ್ಮ ದೇಶಕ್ಕೆ ಸಿಂಥಸೈಜರ್ ಹೊಸದೇನೂ ಆಗಿರಲಿಲ್ಲ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ, ಗೀತಾ ಸಾರಾಭಾಯಿ ಅವರ ಆಸಕ್ತಿಯಿಂದ, ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಮೂಗ್ ಸಿಂಥಸೈಜರ್ ಇರುವ ಸ್ಟುಡಿಯೋ ಕಟ್ಟಿದ್ದರು. ನಮ್ಮ ಬೆಂಗಳೂರಿನಲ್ಲಿ ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ 1979ರ ಹೊತ್ತಿಗೆ ಎಲೆಕ್ಟ್ರಾನಿಕ್ ತಂಬೂರ ರೂಪಿಸಿದ್ದರು. ಇವತ್ತು ಸಂಗೀತ ಪಾಠದ ಮನೆಗಳಲ್ಲಿ ಮೂಲೆಯಲ್ಲಿ ಕೂತು ಶ್ರುತಿ ಹಿಡಿಯುವ ಆ ಪುಟ್ಟ ಪೆಟ್ಟಿಗೆ ನಮಗೆಲ್ಲ ಗೊತ್ತು. ಅದನ್ನು ಎಲೆಕ್ಟ್ರಾನಿಕ್ ಸಂಗೀತ ಅಂತ ನಾವು ಕರೆಯೋದಿಲ್ಲ, ಅಷ್ಟೆ.

ಈಗ ಚರಣಜಿತ್ ಸಿಂಗ್ ವಿಷಯಕ್ಕೆ ಬರೋಣ. ಇವರು ಹಿಂದಿ ಚಿತ್ರರಂಗದ ಸ್ಟುಡಿಯೋ ವಾದಕರು. ಗಿಟಾರ್, ಬೇಸ್, ಕೀಬೋರ್ಡ್, ಯಾವುದು ಕೊಟ್ಟರೂ ನುಡಿಸುವವರು. 1971ರ 'ಹರೇ ರಾಮ ಹರೇ ಕೃಷ್ಣ' ಚಿತ್ರದ 'ದಮ್ ಮಾರೋ ದಮ್' ಹಾಡಿನಲ್ಲಿ ಟ್ರಾನ್ಸಿಕಾರ್ಡ್ ನುಡಿಸಿದ್ದು ಇವರೇ. ಆ ಹಾಡು ಕೇಳದವರು ಯಾರಿದ್ದಾರೆ? ಆದ್ರೆ ನುಡಿಸಿದವರ ಹೆಸರು ಎಷ್ಟು ಜನಕ್ಕೆ ಗೊತ್ತು? ಸಂಗೀತ ನಿರ್ದೇಶಕರ ಹೆಸರು, ಗಾಯಕಿಯ ಹೆಸರು ಕವರ್ ಮೇಲೆ ಇರುತ್ತಿತ್ತು. ವಾದ್ಯಗೋಷ್ಠಿಯಲ್ಲಿ ಕೂತವರು ದಿನದ ಸಂಭಾವನೆ ತಗೊಂಡು ಮುಂದಿನ ರೆಕಾರ್ಡಿಂಗಿಗೆ ಓಡುತ್ತಿದ್ದರು.

ಎಂಬತ್ತರ ದಶಕದ ಆರಂಭದಲ್ಲಿ ಇವರು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಸಂಪಾದಿಸಿದರು. ಒಂದು ಜುಪಿಟರ್-8 ಸಿಂಥಸೈಜರ್. ಇನ್ನೊಂದು ಟಿಆರ್-808, ಅಂದ್ರೆ ತಾಳ ಬಾರಿಸುವ ಯಂತ್ರ. ಮೂರನೆಯದು ಟಿಬಿ-303. ಒಬ್ಬರೇ ಗಿಟಾರ್ ನುಡಿಸುವವರಿಗೆ ಜೊತೆಯಲ್ಲಿ ಬೇಸ್ ನುಡಿಸಲಿ ಅಂತ ಮಾಡಿದ ಬೆಳ್ಳಿ ಬಣ್ಣದ ಸಣ್ಣ ಪೆಟ್ಟಿಗೆ ಅದು.

ಆಗ ಎಲ್ಲೆಲ್ಲೂ ಡಿಸ್ಕೋ. 1980ರಲ್ಲಿ 'ಕುರ್ಬಾನಿ' ಬಂದು ಹೋಗಿತ್ತು, 1982ರ ಕೊನೆಗೆ 'ಡಿಸ್ಕೋ ಡಾನ್ಸರ್' ಬಂತು. ಸಿಂಗ್ ಅವರ ಯೋಚನೆ ಸರಳ: ಡಿಸ್ಕೋ ತಾಳ ಹೇಗೂ ಇದೆ, ತಬಲಾ ಪಕ್ಕಕ್ಕಿಟ್ಟು ಅದರ ಮೇಲೆ ರಾಗ ನುಡಿಸಿದ್ರೆ ಹೇಗೆ? ಎಚ್‌ಎಂವಿಯಿಂದ 1982ರಲ್ಲಿ ಆ ರೆಕಾರ್ಡ್ ಬಂತು. ಹೆಸರು 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ಭೈರವ್, ಲಲಿತ್, ತೋಡಿ, ಮಧುವಂತಿ, ಯಮನ್, ನಮ್ಮ ಮೋಹನಕ್ಕೆ ಹತ್ತಿರದ ಭೂಪಾಲಿ, ನಮ್ಮ ಹಿಂದೋಳಕ್ಕೆ ಹತ್ತಿರದ ಮಾಲಕೌಂಸ್, ಹೀಗೆ ಹತ್ತು ರಾಗ. ಒಂದೊಂದೂ ಸುಮಾರು ಐದು ನಿಮಿಷ.

ಇದರಲ್ಲಿ ಪ್ರಯೋಗ ಏನು ಬಂತು ಅಂತ ಕೇಳಬಹುದು. ನೋಡಿ, ಕೀಲಿಮಣೆಯ ವಾದ್ಯದ ಬಗ್ಗೆ ನಮ್ಮ ಸಂಗೀತಗಾರರ ಹಳೆಯ ತಕರಾರು ಒಂದೇ: ಅದರಲ್ಲಿ ಸ್ವರಗಳು ಮೆಟ್ಟಿಲಿನ ಹಾಗೆ ಬಿಡಿಬಿಡಿ, ನಡುವೆ ಜಾರೋಕೆ ಆಗೋದಿಲ್ಲ. ಈ ತಕರಾರಿಗೆ ಎಷ್ಟು ತೂಕ ಇತ್ತು ಅಂದ್ರೆ, 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ದೂರ ಇಟ್ಟಿತ್ತು. ಆದ್ರೆ ಜುಪಿಟರ್‌ನಲ್ಲೂ 303ರಲ್ಲೂ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಇದೆ. ಸಿಂಗ್ ಅದನ್ನು ಹಿಡಿದರು. ಕೆಳಗೆ 303 ರಾಗದ ಸ್ವರಗಳನ್ನೇ ತಿರುಗಿಸಿ ತಿರುಗಿಸಿ ನುಡಿಸುತ್ತಾ ಇರುತ್ತೆ, ಮೇಲೆ ಕೈಯಲ್ಲಿ ಆಲಾಪದಂತೆ ರಾಗ ಬಿಡಿಸುತ್ತಾರೆ. ಗಾಯನದ ಮೀಂಡ್ ಅಷ್ಟು ಸೂಕ್ಷ್ಮವಾಗಿ ಬಂದಿದೆ ಅಂತ ನಾನು ಹೇಳೋದಿಲ್ಲ. ಆದ್ರೆ ಯಂತ್ರ ರಾಗವನ್ನು ಹೊರಬಲ್ಲದೇ ಅನ್ನೋ ಪ್ರಶ್ನೆಯನ್ನು ಅವರು ನುಡಿಸಿಯೇ ಕೇಳಿದರು.

ರೆಕಾರ್ಡ್ ಓಡಲಿಲ್ಲ. ಶಾಸ್ತ್ರೀಯದವರಿಗೆ ಅದು ಡಿಸ್ಕೋ, ಡಿಸ್ಕೋದವರಿಗೆ ಅದು ಶಾಸ್ತ್ರೀಯ. ಸಿಂಗ್ ಮತ್ತೆ ತಮ್ಮ ಕೆಲಸಕ್ಕೆ ಮರಳಿದರು.

ಅತ್ತ 303 ಕೂಡ ಓಡಲಿಲ್ಲ. ರೋಲ್ಯಾಂಡ್ 1984ರಲ್ಲಿ ಅದನ್ನು ಮಾಡುವುದನ್ನೇ ನಿಲ್ಲಿಸಿತು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕ ಆ ಪೆಟ್ಟಿಗೆಯಿಂದ ಶಿಕಾಗೋದ ಫ್ಯೂಚರ್ ಅನ್ನೋ ತಂಡ 1987ರಲ್ಲಿ 'ಆ್ಯಸಿಡ್ ಟ್ರ್ಯಾಕ್ಸ್' ಹೊರತಂದಿತು. ಅಲ್ಲಿಂದ 'ಆ್ಯಸಿಡ್ ಹೌಸ್' ಅನ್ನೋ ಸಂಗೀತ ಪ್ರಕಾರ ಜಗತ್ತಿಗೆಲ್ಲ ಹಬ್ಬಿತು.

2002ರಲ್ಲಿ ನೆದರ್‌ಲ್ಯಾಂಡ್ಸಿನ ರೆಕಾರ್ಡ್ ಸಂಗ್ರಾಹಕ ಎಡೋ ಬೌಮನ್‌ಗೆ ದೆಹಲಿಯಲ್ಲಿ ಸಿಂಗ್ ಅವರ ರೆಕಾರ್ಡ್ ಸಿಕ್ಕಿತು. ಅವರು ಸಿಂಗ್ ಅವರನ್ನು ಹುಡುಕಿಕೊಂಡು ಮುಂಬೈಗೆ ಹೋದರು. 2010ರಲ್ಲಿ ಅವರದೇ 'ಬಾಂಬೆ ಕನೆಕ್ಷನ್' ಸಂಸ್ಥೆಯಿಂದ ರೆಕಾರ್ಡ್ ಮತ್ತೆ ಹೊರಬಂತು. ಕೇಳಿದವರು ಬೆಚ್ಚಿಬಿದ್ದರು. ಶಿಕಾಗೋಗಿಂತ ಐದು ವರ್ಷ ಮೊದಲೇ ಇದು ಹೇಗೆ ಸಾಧ್ಯ, ಯಾರೋ ಈಗ ಮಾಡಿ ಹಳೆಯದು ಅಂತ ಮಾರುತ್ತಿದ್ದಾರೆ ಅನ್ನೋ ಗುಮಾನಿಯೂ ಬಂತು!

ಇಲ್ಲಿ ಒಂದು ಎಚ್ಚರಿಕೆ ಬೇಕು. "ಆ್ಯಸಿಡ್ ಹೌಸ್ ಕಂಡುಹಿಡಿದದ್ದು ಭಾರತೀಯ" ಅಂತ ಫಾರ್ವರ್ಡ್ ಮಾಡೋದು ಸುಲಭ. ಆದ್ರೆ ಶಿಕಾಗೋದ ಹುಡುಗರು ಸಿಂಗ್ ಅವರ ರೆಕಾರ್ಡ್ ಕೇಳಿ ಕಲಿತರು ಅನ್ನೋದಕ್ಕೆ ಯಾವ ಆಧಾರವೂ ಇಲ್ಲ. ಮೊದಲು ಮಾಡುವುದು ಬೇರೆ, ಪರಂಪರೆ ಶುರು ಮಾಡುವುದು ಬೇರೆ. ಅವರು ಯಾರನ್ನೂ ಕಾಪಿ ಹೊಡೆಯಲಿಲ್ಲ, ಅವರನ್ನೂ ಯಾರೂ ಕಾಪಿ ಹೊಡೆಯಲಿಲ್ಲ. ಒಂದೇ ಯಂತ್ರ, ಎರಡು ಊರು, ಎರಡು ಬೇರೆ ಬೇರೆ ಪ್ರಶ್ನೆ. ನಾಗಪುರದ ವೀಕ್ಷಕರಿಗೆ ನನ್ನ ಉತ್ತರ ಇದು: ಯಂತ್ರ ಹೊರಗಿನದು, ಪ್ರಶ್ನೆ ನಮ್ಮದು.

ಸಿಂಗ್ ಅವರು ಎಪ್ಪತ್ತರ ವಯಸ್ಸಿನಲ್ಲಿ ಯುರೋಪಿನ ವೇದಿಕೆಗಳಲ್ಲಿ ಅದೇ ರಾಗಗಳನ್ನು ನುಡಿಸಿದರು. ಮೊಮ್ಮಕ್ಕಳ ವಯಸ್ಸಿನವರು ಕುಣಿದರು. 2015ರ ಜುಲೈನಲ್ಲಿ ಮುಂಬೈಯಲ್ಲಿ ತೀರಿಕೊಂಡರು. ಕೊನೆಯ ಐದು ವರ್ಷವಾದರೂ ಮನ್ನಣೆ ಸಿಕ್ಕಿತು ಅಂತ ಸಮಾಧಾನ ಪಡಬಹುದು. ಆದ್ರೆ ಅವರು ಅಷ್ಟು ವರ್ಷ ಮುಂಬೈಯಲ್ಲೇ ಇದ್ದರು. ಹುಡುಕಿಕೊಂಡು ಬರೋಕೆ ನೆದರ್‌ಲ್ಯಾಂಡ್ಸಿನವರೇ ಬೇಕಾಯಿತು ಅನ್ನೋದು ನನ್ನನ್ನು ಕಾಡುತ್ತೆ.

ಹಾಗಾಗಿ ಒಂದು ವಿನಂತಿ. ಹುಬ್ಬಳ್ಳಿ ಇರಲಿ, ಮೈಸೂರು ಇರಲಿ, ನಾಗಪುರವೇ ಇರಲಿ, ಎಂಬತ್ತರ ದಶಕದಲ್ಲಿ ಗಣೇಶೋತ್ಸವದ ಪೆಂಡಾಲಿನಲ್ಲಿ, ಮದುವೆ ಆರ್ಕೆಸ್ಟ್ರಾದಲ್ಲಿ ಮೊದಲ ಬಾರಿಗೆ ಕ್ಯಾಸಿಯೋ, ರಿದಮ್ ಪ್ಯಾಡ್ ನುಡಿಸಿದವರು ನಿಮ್ಮ ಬೀದಿಯಲ್ಲೇ ಇರಬಹುದು. ಹೋಗಿ ಮಾತಾಡಿಸಿ. ಏನು ನುಡಿಸಿದಿರಿ, ಯಂತ್ರ ಎಲ್ಲಿಂದ ತಂದಿರಿ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮನೆಯ ಹಳೆ ರೆಕಾರ್ಡು, ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕೋ ಮೊದಲು ಒಂದು ಸಲ ಕೇಳಿ ನೋಡಿ.