ಕಾಡಂಚಿನ ಎರಡು ವಲಸೆಗಳು: ಸಿದ್ದಿ ಮತ್ತು ಟಿಬೆಟನ್ ಬದುಕಿನ ಅಧ್ಯಯನ ನಡೆದುಬಂದ ದಾರಿ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳು ಎರೆಮಣ್ಣಿನ ಬಯಲು. ಕಲಘಟಗಿ ಹಾಗಲ್ಲ. ಅಲ್ಲಿ ಭತ್ತದ ಗದ್ದೆಗಳು ಶುರುವಾಗಿ, ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಗಡಿ ಮುಟ್ಟುವಷ್ಟರಲ್ಲಿ ಕಾಡು ಎದುರಾಗುತ್ತದೆ. ಈ ನಾಲ್ಕು ತಾಲ್ಲೂಕುಗಳ ಕಾಡಂಚಿನಲ್ಲಿ ದೂರದೇಶದಿಂದ ಬಂದ ಎರಡು ಸಮುದಾಯಗಳಿವೆ. ಪೋರ್ಚುಗೀಸರ ಕಾಲದಿಂದ ಆಫ್ರಿಕಾದಿಂದ ತರಲ್ಪಟ್ಟವರ ಸಂತತಿ ಸಿದ್ದಿಗಳು. 1966ರಲ್ಲಿ ಮುಂಡಗೋಡದ ಬಳಿ ನೆಲೆ ಪಡೆದವರು ಟಿಬೆಟನ್ ನಿರಾಶ್ರಿತರು. ಇಬ್ಬರಿಗೂ ಮಳೆ ಅದೇ, ಕಾಡು ಅದೇ, ದೊಡ್ಡ ಪೇಟೆಯೆಂದರೆ ಅದೇ ಹುಬ್ಬಳ್ಳಿ. ಆದರೂ ಆದಾಯ, ಶಿಕ್ಷಣ, ಆರೋಗ್ಯ, ಭೂಮಿ, ಹಕ್ಕು ಯಾವುದನ್ನು ತೆಗೆದುಕೊಂಡರೂ ಇಬ್ಬರ ಸ್ಥಿತಿ ಬೇರೆಬೇರೆ. ಈ ಅಂತರವನ್ನು ವಿದ್ವಾಂಸರು ವಿವರಿಸಿದ ಬಗೆ ಸುಮಾರು ಒಂದೂವರೆ ಶತಮಾನದಲ್ಲಿ ಹಲವು ಸಲ ಬದಲಾಗಿದೆ.

ವಲಸೆ ಎಂಬ ಒಂದೇ ಹೆಸರು ಇಬ್ಬರಿಗೂ ಸಲೀಸಾಗಿ ಹೊಂದುವುದಿಲ್ಲ. ಟಿಬೆಟನ್ನರು 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಬೆನ್ನಿಗೆ ಹಿಮಾಲಯ ದಾಟಿದವರು. ಬಿಟ್ಟುಬಂದ ಊರಿನ ಹೆಸರು, ಮಠದ ಹೆಸರು, ಗುರುಪರಂಪರೆ ಎಲ್ಲವೂ ಅವರ ಜೊತೆ ಬಂದವು. ಸಿದ್ದಿಗಳಲ್ಲಿ ಹೆಚ್ಚಿನವರ ಪೂರ್ವಿಕರು ಗೋವೆಯ ಗುಲಾಮ ಮಾರುಕಟ್ಟೆಯಲ್ಲಿ ಮಾರಾಟವಾದವರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ತಪ್ಪಿಸಿಕೊಂಡು ಬದುಕುವವರಿಗೆ ದಾಖಲೆಯಲ್ಲಿ ಕಾಣಿಸಿಕೊಳ್ಳದಿರುವುದೇ ಕ್ಷೇಮವಾಗಿತ್ತು. ಈ ಪೂರ್ವಚರಿತ್ರೆ ಮುಂದೆ ಜಮೀನಿನ ಪ್ರಶ್ನೆ ಬಂದಾಗಲೆಲ್ಲ ತಲೆಯೆತ್ತುತ್ತದೆ.

ಅಧ್ಯಯನದ ಮೊದಲ ಘಟ್ಟ ವಸಾಹತು ಆಡಳಿತದ್ದು. ಮುಂಬಯಿ ಪ್ರಾಂತದ ಗ್ಯಾಝೆಟಿಯರ್ ಮಾಲೆಯಲ್ಲಿ 1883ರಲ್ಲಿ ಪ್ರಕಟವಾದ ಕೆನರಾ ಸಂಪುಟ ಸಿದ್ದಿಗಳನ್ನು ಜಿಲ್ಲೆಯ ಜಾತಿ-ಜನಾಂಗಗಳ ಪಟ್ಟಿಯೊಳಗೆ ಸೇರಿಸಿತು. ಆ ಬಗೆಯ ಬರಹಕ್ಕೆ ಬೇಕಿದ್ದುದು ಮೈಬಣ್ಣ, ಕೂದಲು, ಉಡುಗೆ, ಕಸುಬು. ಕೂಲಿ ಎಷ್ಟು, ಸಾಲ ಯಾರ ಹತ್ತಿರ, ಉಳುವ ನೆಲ ಯಾರದು ಎಂದು ಕೇಳುವ ಅಭ್ಯಾಸ ಅದಕ್ಕಿರಲಿಲ್ಲ. ಸಿದ್ದಿಗಳನ್ನು ಮೈಕಟ್ಟಿನಿಂದ ಗುರುತಿಸುವ ಈ ಚಾಳಿ ಸ್ವಾತಂತ್ರ್ಯದ ನಂತರವೂ ಹೋಗಲಿಲ್ಲ ಎಂಬುದಕ್ಕೆ ಮುಂದೆ ಬರುವ ಕ್ರೀಡಾ ಯೋಜನೆಯೇ ಸಾಕ್ಷಿ.

ನಿಜವಾದ ಕ್ಷೇತ್ರಕಾರ್ಯ ನಡೆದದ್ದು 1970ರ ದಶಕದಲ್ಲಿ. ಟಿ. ಸಿ. ಪಾಲಾಕ್ಷಪ್ಪ ಉತ್ತರ ಕನ್ನಡದ ಸಿದ್ದಿಗಳ ಕುರಿತು 1976ರಲ್ಲಿ, ಮುಂಡಗೋಡದ ಟಿಬೆಟನ್ನರ ಕುರಿತು 1978ರಲ್ಲಿ ಒಂದೊಂದು ಇಂಗ್ಲಿಷ್ ಗ್ರಂಥ ಪ್ರಕಟಿಸಿದರು. ಒಬ್ಬನೇ ವಿದ್ವಾಂಸ ಎರಡು ವರ್ಷಗಳ ಅಂತರದಲ್ಲಿ ಎರಡೂ ಸಮುದಾಯಗಳ ಮೇಲೆ ಬರೆದದ್ದು ಈ ಕ್ಷೇತ್ರದ ಭಾಗ್ಯವೆನ್ನಬೇಕು. ಹೋಲಿಕೆಗೆ ಬೇಕಾದ ಬುನಾದಿ ಅಲ್ಲಿಯೇ ಬಿತ್ತು. ಆದರೆ ನಂತರ ಬಂದವರು ಈ ಎರಡನ್ನೂ ಜೋಡಿಸಿ ಓದಿದ್ದು ಕಡಿಮೆ. ಟಿಬೆಟನ್ನರ ಮೇಲಿನ ಬರಹ ನಿರಾಶ್ರಿತರ ಅಧ್ಯಯನದ ಕಡೆ ಹೋಯಿತು, ಸಿದ್ದಿಗಳ ಮೇಲಿನದು ಬುಡಕಟ್ಟು ಮತ್ತು ಆಫ್ರಿಕನ್ ಚದುರಿಕೆಯ ಅಧ್ಯಯನದ ಕಡೆ ಹೋಯಿತು.

ಟಿಬೆಟನ್ ಪುನರ್ವಸತಿಯ ವಿವರಗಳು ಚೆನ್ನಾಗಿ ದಾಖಲಾಗಿವೆ. ನೆಹರೂ ಅವರ ಕೋರಿಕೆಗೆ ಮೈಸೂರು ರಾಜ್ಯ ಮುಂದೆ ಬಂದು ಜಾಗ ಕೊಟ್ಟಿತು. ಮೊದಲು ಬೈಲಕುಪ್ಪೆ, ಬಳಿಕ ಮುಂಡಗೋಡ, ಹುಣಸೂರು, ಕೊಳ್ಳೇಗಾಲ. ಮುಂಡಗೋಡದಲ್ಲಿ ಸಿಕ್ಕಿದ್ದು ಸುಮಾರು 4,000 ಎಕರೆ ಅರಣ್ಯಭೂಮಿ. ಅದಕ್ಕೂ ಮೊದಲು ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆಯುತ್ತಿದ್ದ ಜನ ಇಲ್ಲಿ ಕಾಡು ಕಡಿದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಗಾಂದೆನ್ ಮತ್ತು ಡ್ರೆಪುಂಗ್ ಮಹಾಮಠಗಳು ಇಲ್ಲಿ ಮರುಸ್ಥಾಪನೆಯಾದವು. ಸುತ್ತಲಿನ ಜನ ಇವುಗಳಿಗೆ ಇಟ್ಟ ಹೆಸರು ಒಂದನೇ ಮತ್ತು ಎರಡನೇ ಲಾಮಾ ಕ್ಯಾಂಪು. ಶಾಲೆಗಳನ್ನು ನಡೆಸಲು ಕೇಂದ್ರ ಸರ್ಕಾರ 1961ರಲ್ಲಿಯೇ ಪ್ರತ್ಯೇಕ ಟಿಬೆಟನ್ ಶಾಲಾ ಆಡಳಿತ ಸಂಸ್ಥೆಯನ್ನು ಕಟ್ಟಿತ್ತು. ಪುನರ್ವಸತಿಗೆ ನೆರವಾಗಲೆಂದು 1968ರಲ್ಲಿ ಮೈರಾಡಾ ಸಂಸ್ಥೆ ಹುಟ್ಟಿತು. ಮುಂದೆ ದಕ್ಷಿಣ ಭಾರತದ ಹಳ್ಳಿಗಳಲ್ಲಿ ಸ್ವಸಹಾಯ ಗುಂಪುಗಳನ್ನು ಹಬ್ಬಿಸಿದ ಸಂಸ್ಥೆ ಇದೇ. ಅದು ಕೆಲಸ ಕಲಿತದ್ದು ಟಿಬೆಟನ್ ಕ್ಯಾಂಪುಗಳಲ್ಲಿ ಎಂಬುದನ್ನು ಈಗ ನೆನೆಯುವವರು ಕಡಿಮೆ.

ಇಷ್ಟೆಲ್ಲ ಇದ್ದರೂ ಬೇಸಾಯವೊಂದೇ ಟಿಬೆಟನ್ನರನ್ನು ಎತ್ತಲಿಲ್ಲ. ಮುಂಡಗೋಡದ ಹೊಲ ಮಳೆಯಾಶ್ರಿತ. ಗೋವಿನಜೋಳ, ಭತ್ತ, ಹತ್ತಿಯ ಬೆಳೆ ಮಳೆ ಹಿಡಿದಂತೆ ಏರಿಳಿಯುತ್ತಿತ್ತು. ಕೊರತೆ ತುಂಬಿದ್ದು ಸ್ವೆಟರ್ ವ್ಯಾಪಾರ. ಸುಗ್ಗಿ ಮುಗಿಸಿ ನಗರಗಳಿಗೆ ಹೋಗಿ, ಚಳಿಗಾಲವಿಡೀ ಬೀದಿಬದಿಯಲ್ಲಿ ಉಣ್ಣೆಬಟ್ಟೆ ಮಾರಿ, ಹೊಸವರ್ಷದ ಹಬ್ಬಕ್ಕೆ ಮರಳುವುದು ಅನೇಕ ಕುಟುಂಬಗಳ ವಾರ್ಷಿಕ ಕ್ರಮವಾಯಿತು. ಹೊರದೇಶದ ದಾನಿಗಳ ಹಣ ಮಠಗಳಿಗೂ ಮಕ್ಕಳ ಓದಿಗೂ ಬಂತು. ಅಮೆರಿಕದ ಮಾನವಶಾಸ್ತ್ರಜ್ಞ ಮೆಲ್ವಿನ್ ಗೋಲ್ಡ್‌ಸ್ಟೀನ್ ದಕ್ಷಿಣ ಭಾರತದ ಟಿಬೆಟನ್ ನೆಲೆಗಳ ಕುರಿತು 1970ರ ದಶಕದಲ್ಲಿ ಬರೆದ ಲೇಖನಗಳು ಈ ಏಳಿಗೆಯನ್ನು ಜನರ ಸ್ವಭಾವದಿಂದಲ್ಲ, ನೆಲೆಯ ಆಡಳಿತ ವ್ಯವಸ್ಥೆ ಮತ್ತು ಸಂಪನ್ಮೂಲದ ಪೈಪೋಟಿಯಿಂದ ಅರ್ಥೈಸಲು ಯತ್ನಿಸಿದವು. ಚರ್ಚೆಯನ್ನು ಇದು ಮೇಲಿನ ಮೆಟ್ಟಿಲಿಗೆ ಒಯ್ದಿತು. ‘ಟಿಬೆಟನ್ನರು ದುಡಿಯುವ ಜನ’ ಎಂಬ ಮಾತು ಇವತ್ತಿಗೂ ಕೇಳಿಬರುತ್ತದೆ. ಅಡಿಕೆ ತೋಟದಲ್ಲಿ ತಲೆಮಾರುಗಟ್ಟಲೆ ದುಡಿದ ಸಿದ್ದಿಗಳನ್ನು ಕಂಡವರು ಅದನ್ನು ವಿವರಣೆಯೆಂದು ಒಪ್ಪಲಾರರು.

ಸಿದ್ದಿಗಳ ಆರ್ಥಿಕತೆಯ ನಡುಗಂಬ ಆ ತೋಟದ ಕೂಲಿಯೇ. ಸಾಲ ಮುಂಗಡ ಪಡೆದು ಒಡೆಯರ ತೋಟದ ಅಂಚಿನಲ್ಲಿ ಬಿಡಾರ ಹೂಡುವುದು, ಸಾಲ ತೀರದೆ ಮಗನ ಕಾಲಕ್ಕೂ ಜೀತ ಮುಂದುವರಿಯುವುದು ಸಾಮಾನ್ಯವಾಗಿತ್ತು. 1974ರ ಭೂಸುಧಾರಣಾ ತಿದ್ದುಪಡಿ ಗೇಣಿದಾರರನ್ನು ಭೂಮಾಲೀಕರನ್ನಾಗಿಸಿತು. ಗೇಣಿಯೇ ಇಲ್ಲದೆ ಆಳಾಗಿ ದುಡಿದವರಿಗೆ ಅದರಲ್ಲಿ ಪಾಲಿರಲಿಲ್ಲ. 1976ರ ಜೀತಪದ್ಧತಿ ನಿಷೇಧ ಕಾನೂನು ಸಾಲವನ್ನು ಅಳಿಸಿತೇ ಹೊರತು ನೆಲ ಕೊಡಲಿಲ್ಲ. ಕಾಡಿನ ಜೇನು, ಸೀಗೆಕಾಯಿ ಮುಂತಾದ ಕಿರು ಉತ್ಪನ್ನಗಳ ಆಸರೆಯೂ ಅಭಯಾರಣ್ಯ, ಹುಲಿ ಸಂರಕ್ಷಿತ ಪ್ರದೇಶಗಳ ನಿಯಮಗಳು ಬಿಗಿಯಾದಂತೆ ಕುಗ್ಗಿತು. ನೆಲೆಯ ವಿನ್ಯಾಸವನ್ನೂ ಇಲ್ಲಿ ಗಮನಿಸಬೇಕು. ಟಿಬೆಟನ್ನರು ಒಟ್ಟಾಗಿ ಒಂದೇ ವಸತಿಯಲ್ಲಿದ್ದರು. ಅವರಿಗೆ ಕ್ಯಾಂಪಿನ ಮುಖಂಡ, ಸಹಕಾರಿ ಸಂಘ, ಧರ್ಮಶಾಲಾದಲ್ಲಿರುವ ಕೇಂದ್ರೀಯ ಟಿಬೆಟನ್ ಆಡಳಿತದಿಂದ ನೇಮಕವಾದ ಅಧಿಕಾರಿ ಇದ್ದರು. ಸಿದ್ದಿಗಳು ನಾಲ್ಕು ಮನೆ ಇಲ್ಲಿ, ಆರು ಮನೆ ಅಲ್ಲಿ ಚದುರಿದ್ದರು. ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಮೂರು ಧರ್ಮಗಳಲ್ಲಿ ಹಂಚಿಹೋಗಿದ್ದರು. ಪ್ರತಿ ಮನೆಯೂ ತನ್ನ ಒಡೆಯನೊಂದಿಗೆ ಒಂಟಿಯಾಗಿ ವ್ಯವಹರಿಸಬೇಕಿತ್ತು.

1980ರ ದಶಕದಲ್ಲಿ ಸಿದ್ದಿಗಳ ಅಧ್ಯಯನ ಅಹವಾಲಿನ ರೂಪ ತಾಳಿತು. ಸಿಪ್ರಿಯನ್ ಲೋಬೋ 1984ರಲ್ಲಿ ಸಿದ್ಧಪಡಿಸಿದ ವರದಿಯ ಉದ್ದೇಶವೇ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಬೇಕೆಂದು ವಾದಿಸುವುದಾಗಿತ್ತು. ವಿದ್ವತ್ತು ಮತ್ತು ಅರ್ಜಿ ಒಂದಾದಾಗ ಬರಹದ ತೂಕ ಕಡಿಮೆಯಾಗುತ್ತದೆ ಎಂಬ ಆಕ್ಷೇಪ ಸಾಮಾನ್ಯ. ಇಲ್ಲಿ ಅದು ನಿಲ್ಲದು, ಏಕೆಂದರೆ ಸರ್ಕಾರಕ್ಕೆ ಹಿಡಿದು ತೋರಿಸಬಲ್ಲ ದಾಖಲೆ ಹುಟ್ಟಿದ್ದೇ ಇಂಥ ಕೆಲಸದಿಂದ. ಇದೇ ದಶಕದಲ್ಲಿ, 1987ರಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಓಟಕ್ಕೆ ಆರಿಸಿ ತರಬೇತಿ ಕೊಟ್ಟಿತು. ಕೆಲವರು ಪದಕ ಗೆದ್ದರು, ಕೆಲವರಿಗೆ ನೌಕರಿ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಆಫ್ರಿಕನ್ ರಕ್ತವೆಂದರೆ ಓಟದ ಪದಕ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಆ ಮಕ್ಕಳ ಹೆತ್ತವರ ಹೊಲದ ಪ್ರಶ್ನೆಯನ್ನು ಅಷ್ಟೇ ಉಮೇದಿನಿಂದ ಯಾರೂ ಕೈಗೆತ್ತಿಕೊಳ್ಳಲಿಲ್ಲ.

1990ರ ದಶಕದಿಂದ ಇತಿಹಾಸಕಾರರು ಬಂದರು. ಪೋರ್ಚುಗೀಸ್ ಭಾರತದ ಗುಲಾಮಗಿರಿಯ ಮೇಲೆ ಜೀನೆಟ್ ಪಿಂಟೋ 1992ರಲ್ಲಿ, ದಖ್ಖನ್ನಿನ ಆಫ್ರಿಕನ್ನರ ಮೇಲೆ ಶಾಂತಿ ಸಾದಿಕ್ ಅಲಿ 1996ರಲ್ಲಿ ಬರೆದರು. ಅಹಮದನಗರದ ಮಲಿಕ್ ಅಂಬರನಂಥ ಸೇನಾಧಿಪತಿಗಳ ಕಥೆಯೂ ತೋಟದ ಆಳುಗಳ ಕಥೆಯೂ ಒಂದೇ ಚೌಕಟ್ಟಿನೊಳಗೆ ಬಂದವು. ಕಿರಣ್ ಕಮಲ್ ಪ್ರಸಾದ್ ಅವರ 2005ರ ಗ್ರಂಥ ಕರ್ನಾಟಕದ ಸಿದ್ದಿಗಳ ಗುರುತಿನ ಹುಡುಕಾಟವನ್ನು, ಪ್ಯಾಶಿಂಗ್ಟನ್ ಒಬೆಂಗ್ ಅವರ 2007ರ ಗ್ರಂಥ ಅವರ ಸಾಂಸ್ಕೃತಿಕ ರಾಜಕಾರಣವನ್ನು ಕೈಗೆತ್ತಿಕೊಂಡವು. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ಅಂತರರಾಷ್ಟ್ರೀಯ ಪ್ರದರ್ಶನಕ್ಕೆ ತಂದರು. 2011ರಲ್ಲಿ ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳ ತಂಡ ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ವಂಶವಾಹಿಗಳನ್ನು ಪರೀಕ್ಷಿಸಿ ಆಫ್ರಿಕದ ಬಂಟು ಮೂಲವನ್ನೂ ಭಾರತೀಯ ಬೆರಕೆಯನ್ನೂ ಗುರುತಿಸಿತು. ಯೋಗಕ್ಷೇಮದ ದೃಷ್ಟಿಯಿಂದ ಈ ಕೊನೆಯದು ಹೇಳಿದ್ದು ಅಲ್ಪ. ಮೂಲ ಎಲ್ಲಿಯದೆಂದು ತಿಳಿದರೂ ಪಹಣಿಯಲ್ಲಿ ಹೆಸರು ಏರುವುದಿಲ್ಲ.

ಅಳೆಯುವ ಸಾಧನಗಳೂ ಇದೇ ಕಾಲದಲ್ಲಿ ಬದಲಾದವು. ಕರ್ನಾಟಕದ ಮಾನವ ಅಭಿವೃದ್ಧಿ ವರದಿಗಳು 1999 ಮತ್ತು 2005ರಲ್ಲಿ ಬಂದವು. 2002ರ ಡಿ. ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಬಳಸಿ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು. ಪ್ರದೇಶಗಳ ನಡುವಿನ ಅಸಮಾನತೆಗೆ ಇವು ಒಳ್ಳೆಯ ಅಳತೆಗೋಲು, ಒಂದೇ ತಾಲ್ಲೂಕಿನೊಳಗಿನ ಅಸಮಾನತೆಗೆ ಅಲ್ಲ. ಮುಂಡಗೋಡ ತಾಲ್ಲೂಕಿನ ಸರಾಸರಿಯೊಳಗೆ ಮಠದ ಬಹುಮಹಡಿ ಕಟ್ಟಡವೂ ಕಾಡಂಚಿನ ಸಿದ್ದಿ, ಗೌಳಿ ಗುಡಿಸಲುಗಳೂ ಒಟ್ಟಿಗೆ ಕರಗುತ್ತವೆ. ಸಮುದಾಯವಾರು ಅಂಕಿಗಳಲ್ಲಿಯೂ ತೊಡಕಿದೆ. ಟಿಬೆಟನ್ನರು ತಮ್ಮ ಲೆಕ್ಕವನ್ನು ತಾವೇ ಇಟ್ಟಿದ್ದಾರೆ. ಕೇಂದ್ರೀಯ ಟಿಬೆಟನ್ ಆಡಳಿತದ 2009ರ ಜನಸಂಖ್ಯಾ ಸಮೀಕ್ಷೆ ಟಿಬೆಟ್ಟಿನ ಹೊರಗೆ 1,27,935 ಮತ್ತು ಅವರಲ್ಲಿ ಭಾರತದಲ್ಲಿ 94,203 ಟಿಬೆಟನ್ನರನ್ನು ಎಣಿಸಿತು. ಸಿದ್ದಿಗಳ ಲೆಕ್ಕ ಭಾರತದ ಜನಗಣತಿಯದು. 2011ರಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಅವರ ಸಂಖ್ಯೆ ಹತ್ತು ಸಾವಿರ ಚಿಲ್ಲರೆ. ಆಗ ಪಟ್ಟಿಯಲ್ಲಿದ್ದವರು ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು ಮಾತ್ರ. ಹಾಗಾಗಿ ಆ ಅಂಕಿಯಿಂದ ಕಲಘಟಗಿಯ ಬಗ್ಗೆ ಏನನ್ನೂ ಹೇಳಬರುವುದಿಲ್ಲ.

ಈಚಿನ ಅಧ್ಯಯನಗಳ ಒತ್ತು ಕಾನೂನಿನ ಸ್ಥಾನಮಾನದ ಮೇಲಿದೆ, ಹೋಲಿಕೆ ಹೆಚ್ಚು ಫಲ ಕೊಡುವುದೂ ಇಲ್ಲಿಯೇ. ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡವಾದರು, ಆದರೆ ಉತ್ತರ ಕನ್ನಡದಲ್ಲಿ ಮಾತ್ರ. ಗಡಿಯಾಚೆಯ ಕಲಘಟಗಿಯ ನೆಂಟರಿಗೂ ಬೆಳಗಾವಿ ಜಿಲ್ಲೆಯವರಿಗೂ ಅದು ಸಿಕ್ಕಿದ್ದು 2020ರ ತಿದ್ದುಪಡಿಯಿಂದ. ನಡುವಿನ ಹದಿನೇಳು ವರ್ಷ ಕೇವಲ ವಿದ್ಯಾರ್ಥಿವೇತನ, ಮೀಸಲಾತಿಯ ನಷ್ಟವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ 2007ರ ಡಿಸೆಂಬರ್ 31ರಂದು ಜಾರಿಗೆ ಬಂತು. ಅದರ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನ ಜಮೀನು ಸಾಗುವಳಿ ಮಾಡುತ್ತಿದ್ದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿಯೇ ಇದ್ದುದಕ್ಕೆ ಪುರಾವೆ ಕೊಡಬೇಕು. ಯಲ್ಲಾಪುರದ ಸಿದ್ದಿ ಮೊದಲ ಸಾಲಿನವನಾದ, ಕಲಘಟಗಿಯ ಸಿದ್ದಿ ಎರಡನೆಯ ಸಾಲಿಗೆ ಬಿದ್ದ. ದಾಖಲೆಯಿಂದ ತಪ್ಪಿಸಿಕೊಂಡೇ ಬದುಕಿದವರ ಮೊಮ್ಮಕ್ಕಳಿಂದ ಮುಕ್ಕಾಲು ಶತಮಾನದ ದಾಖಲೆ ಕೇಳಿದಂತಾಯಿತು. 2020ರಲ್ಲಿಯೇ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು ಸಮುದಾಯದ ಮೊದಲ ಶಾಸಕರಾದರು.

ಟಿಬೆಟನ್ನರ ತೊಡಕು ಬೇರೆ. ಅವರ ಹೊಲ, ಮನೆ, ಮಠ ನಿಂತಿರುವ ನೆಲ ಅವರದಲ್ಲ. 2014ರ ಟಿಬೆಟನ್ ಪುನರ್ವಸತಿ ನೀತಿ 20 ವರ್ಷಗಳ ಗುತ್ತಿಗೆ ಪತ್ರ ಮಾಡಿಕೊಡುವಂತೆ ರಾಜ್ಯಗಳಿಗೆ ಸೂಚಿಸಿತು. ವಿದೇಶಿಯರ ನೋಂದಣಿ ಪತ್ರದ ಮೇಲೆ ಬದುಕುವವರಿಗೆ ಮತವಿಲ್ಲ, ಸರ್ಕಾರಿ ನೌಕರಿಯ ದಾರಿ ಮುಚ್ಚಿದೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದೇ ನಿಲುವು ತಳೆಯಿತು. ಪೌರತ್ವ ಪಡೆದರೆ ತಾಯ್ನಾಡಿನ ಹೋರಾಟ ಸಡಿಲವಾದೀತೆಂಬ ಅಳುಕು ಸಮುದಾಯದೊಳಗೇ ಇರುವುದರಿಂದ ತೀರ್ಪಿನ ಲಾಭ ಪಡೆಯಲು ಎಲ್ಲರೂ ಮುಂದೆ ಬಂದಿಲ್ಲ.

ಆರೋಗ್ಯದ ಸಂಶೋಧನೆಗಳು ಸರಳ ಶ್ರೇಣಿಯನ್ನು ಇನ್ನಷ್ಟು ಕೆಡಿಸುತ್ತವೆ. ಸಿದ್ದಿಗಳಿಗೆ ರಾಜ್ಯ ಸರ್ಕಾರ ಕಾಡಿನ ಇತರ ಬುಡಕಟ್ಟುಗಳೊಂದಿಗೆ ಪೌಷ್ಟಿಕ ಆಹಾರದ ಪೊಟ್ಟಣ ಕೊಡುತ್ತದೆ. ಮನೆಯಲ್ಲಿ ಮಳೆಗಾಲದ ಹಸಿವು ಇನ್ನೂ ಇದೆ ಎಂಬ ಒಪ್ಪಿಗೆ ಅದರಲ್ಲಿದೆ. ಟಿಬೆಟನ್ ನೆಲೆಯಲ್ಲಿ ತಮ್ಮದೇ ಆಸ್ಪತ್ರೆ, ವೃದ್ಧಾಶ್ರಮಗಳಿವೆ. ಆದರೂ ಮಠ ಮತ್ತು ವಸತಿಶಾಲೆಗಳ ಇಕ್ಕಟ್ಟಿನಲ್ಲಿ ಕ್ಷಯರೋಗ ದೊಡ್ಡ ಕಾಟವಾಗಿ ಉಳಿದಿದೆ. ಜೆಫ್ ಚೈಲ್ಡ್ಸ್ ಮತ್ತು ಸಂಗಡಿಗರ ಜನಸಂಖ್ಯಾ ಅಧ್ಯಯನಗಳು ದೇಶಭ್ರಷ್ಟ ಟಿಬೆಟನ್ನರಲ್ಲಿ ಜನನ ಪ್ರಮಾಣ ತೀವ್ರವಾಗಿ ಇಳಿದದ್ದನ್ನೂ, ಮಠಗಳಿಗೆ ಈಗ ಹಿಮಾಲಯದ ಗಡಿಪ್ರದೇಶಗಳ ಹುಡುಗರು ಸೇರುತ್ತಿರುವುದನ್ನೂ ತೋರಿಸಿವೆ. ಅಮೆರಿಕ 1990ರ ವಲಸೆ ಕಾನೂನಿನಲ್ಲಿ 1,000 ಟಿಬೆಟನ್ನರಿಗೆ ಅವಕಾಶ ಕೊಟ್ಟ ಬಳಿಕ ಹೊರದೇಶದ ದಾರಿ ತೆರೆಯಿತು. ಯುವಕರು ಹೋದಂತೆ ಕ್ಯಾಂಪಿನ ಹೊಲಗಳನ್ನು ಸುತ್ತಲಿನ ರೈತರು ಲಾವಣಿಗೆ ಹಿಡಿಯುತ್ತಿದ್ದಾರೆ, ಮಠದ ಕಟ್ಟಡಗಳಲ್ಲಿ ಸ್ಥಳೀಯ ಗೌಂಡಿಗಳಿಗೂ ಕೂಲಿಕಾರರಿಗೂ ಕೆಲಸವಿದೆ. ಸಿದ್ದಿ ಯುವಕರ ವಲಸೆ ಸಮೀಪದ್ದು, ಗೋವೆ ಹಾಗೂ ಹುಬ್ಬಳ್ಳಿ-ಧಾರವಾಡದ ದಿನಗೂಲಿಯದು. ಪೂರ್ವಿಕರು ಓಡಿಬಂದ ಗೋವೆಗೆ ಮೊಮ್ಮಕ್ಕಳು ಕೂಲಿಗೆ ಹೋಗುವುದು ಸಂಶೋಧಕರಿಗೆ ಇನ್ನೂ ಸರಿಯಾಗಿ ವಿಷಯವಾಗಿಲ್ಲ.

ಹೋಲಿಕೆಗೆ ಹೊಸ ಅಂಕಿಗಳು 2027ರ ಜನಗಣತಿಯಿಂದ ಸಿಗಬೇಕು. ಕಲಘಟಗಿಯ ಸಿದ್ದಿಗಳು ಪರಿಶಿಷ್ಟ ಪಂಗಡದ ಕೋಷ್ಟಕಕ್ಕೆ ಸೇರುವ ಮೊದಲ ಗಣತಿ ಅದು. ಸಾಕ್ಷರತೆ, ಉದ್ಯೋಗ, ಮನೆಯ ಸೌಲಭ್ಯಗಳಲ್ಲಿ ಅವರನ್ನು ಯಲ್ಲಾಪುರ, ಹಳಿಯಾಳದವರ ಪಕ್ಕಕ್ಕಿಟ್ಟು ನೋಡಿದರೆ ಹದಿನೇಳು ವರ್ಷದ ವಿಳಂಬಕ್ಕೆ ತೆತ್ತ ಬೆಲೆ ಎಷ್ಟೆಂದು ಲೆಕ್ಕ ಹಾಕಲು ಬರುತ್ತದೆ.